ಇಡ್ಲಿ ತಟ್ಟೆಯಲ್ಲಿ ಬಿಚ್ಚಿಟ್ಟ ಯಂತ್ರ

ಭಾನುವಾರದ ಸಭೆಗೆ ಬರುವಾಗ ಶೆಡ್ಡಿನ ಕೀಲಿಯನ್ನೂ ತನ್ನಿ ಎಂದು ಲೆನ್ನಾರ್ಟ್ ಬಾಗಿಲಲ್ಲೇ ನಿಂತು ಹೇಳಿ ಹೋದ. ಒಳಗೆ ಬಾ, ಕಾಫಿ ಕುಡಿ ಎಂದರೂ ಬೂಟು ಬಿಚ್ಚಲಿಲ್ಲ. ಈ ದೇಶದಲ್ಲಿ ಕಾಫಿ ಬೇಡ ಎಂದವನು ಮನಸ್ಸಿನಲ್ಲಿ ಏನೋ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾನೆ.

ಸ್ವೀಡನ್ನಿನ ಓರೆಬ್ರೂ ಊರಿನ ಅಂಚಿನಲ್ಲಿ ನಮ್ಮದು ಸಾಲುಮನೆಗಳ ಒಂದು ಸಂಘ. ಲೆನ್ನಾರ್ಟ್ ಅದರ ಅಧ್ಯಕ್ಷ, ರೈಲು ಓಡಿಸಿ ನಿವೃತ್ತನಾದವನು. ಅಂಗಳ, ದಾರಿ, ಶೆಡ್ಡು, ಶೆಡ್ಡಿನೊಳಗಿನ ಸ್ನೋ ಬ್ಲೋವರ್ ಎಂಬ ಹಿಮ ತೆಗೆಯುವ ಯಂತ್ರ, ಎಲ್ಲವೂ ಎಲ್ಲರದು. ಸ್ನೋ ಬ್ಲೋವರ್ ಮಾತ್ರ ಹೆಸರಿಗಷ್ಟೇ ಎಲ್ಲರದು. ಅದನ್ನು ನಡೆಸುವವರು ನಮ್ಮ ಯಜಮಾನರು, ಹಯವದನ ರಾಯರು. ಆಸ್ಪತ್ರೆಯ ಲ್ಯಾಬಿನ ಕೆಲಸದಿಂದ ನಿವೃತ್ತರಾದ ಚಳಿಗಾಲದಲ್ಲೇ ಆ ಕೀಲಿ ಅವರ ಕೈಗೆ ಬಂತು. ಅದು ನಮ್ಮ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುತ್ತಿತ್ತು. ಹಿಮ ಬಿದ್ದ ಬೆಳಿಗ್ಗೆ ಉಳಿದವರು ಪರದೆ ಸರಿಸಿ ನೋಡುವ ಹೊತ್ತಿಗೆ ಇವರು ಕಿವಿ ಮುಚ್ಚುವಂತೆ ಟೊಪ್ಪಿಗೆ ಎಳೆದುಕೊಂಡು, ದಾರಿ ಬಿಡಿಸಿ ಮುಗಿಸಿರುತ್ತಿದ್ದರು. ಕೊನೆಯ ಮನೆಯ ಗುನ್‌ಬ್ರಿತ್ ನಮಗಿಂತ ಹಿರಿಯಳು, ಒಂಟಿ. ಅವಳನ್ನು ನೋಡಿಕೊಳ್ಳಲು ಕೊಮ್ಯೂನಿನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಬರುವ ಸಹಾಯಕಿಯ ಕಾರು ಅವಳ ಬಾಗಿಲವರೆಗೆ ಹೋಗಬೇಕು. ಅದಕ್ಕಾಗಿ ಅಲ್ಲಿಂದಲೇ ಕೆಲಸ ಶುರು ಮಾಡುತ್ತಿದ್ದರು.

ಇದು 2012ರ ಡಿಸೆಂಬರಿನ ಮಾತು. ಆ ವಾರ ಹಿಮ ಜೋರಾಗಿಯೇ ಬಿದ್ದಿತ್ತು. ಬುಧವಾರ ಬೆಳಿಗ್ಗೆ ಲೆನ್ನಾರ್ಟನ ಕಿಟಕಿಯ ಎದುರಿಗೇ ಯಂತ್ರ ಕೈಕೊಟ್ಟಿತು. ಎಂಜಿನ್ ಗುಡುಗುತ್ತಿತ್ತು, ಹಿಮ ಮಾತ್ರ ಹಾರುತ್ತಿರಲಿಲ್ಲ. ಅವನು ಕಿಟಕಿಯಲ್ಲಿ ನಿಂತು ಎಲ್ಲವನ್ನೂ ಕಂಡಿದ್ದಾನೆ. ಅವನ ಪ್ರಕಾರ ಹಯವದನ ಮುದುಕನಾದ. ಯಂತ್ರವನ್ನು ಜೋರಾಗಿ ನುಗ್ಗಿಸಿದ, ಅದು ಯಾವುದಕ್ಕೋ ಬಡಿಯಿತು, ತಕ್ಷಣ ಹಿಡಿಕೆ ಬಿಡಬೇಕಿತ್ತು, ಬಿಡಲಿಲ್ಲ. ಇನ್ನು ಈ ಕೆಲಸವನ್ನು ಹೊರಗಿನ ಕಂಪನಿಗೆ ಕೊಟ್ಟುಬಿಡೋಣ ಎಂದು ಸಮಿತಿಯವರು ಮಾತಾಡಿಕೊಂಡಿದ್ದರು. ಕೀಲಿ ತನ್ನಿ ಎಂದರೆ ಅರ್ಥ ಅಷ್ಟೇ.

ಬಾಗಿಲು ಹಾಕಿ ಬಂದು ನಾನು ಇವರ ಎದುರು ಕೂತೆ.

"ರೀ, ಏನಾಯ್ತು ಅಂತ ಮೊದಲಿಂದ ಹೇಳಿ."

"ಏನ್ ಹೇಳ್ಲಿ ಲೀಲಾ? ಠಣ್ ಅಂತು. ಎಂಜಿನ್ ಓಡ್ತಾನೇ ಇತ್ತು, ಮುಂದಿನ ಸುರುಳಿ ನಿಂತೋಯ್ತು."

"ಹಿಡಿಕೆ ಬಿಟ್ರಾ?"

"ಬಿಟ್ಟೆ." ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಆಚೀಚೆ ಮಾಡಿದರು. "ಬಿಟ್ಟೆ ಅಂತ ಅನ್ಸತ್ತೆ. ಲೇಟಾಯ್ತೋ ಏನೋ. ಲೆನ್ನಾರ್ಟ್ ಹೇಳೋದ್ರಲ್ಲೂ ತಪ್ಪಿಲ್ಲ ಬಿಡು. ವಯಸ್ಸಾಯ್ತಲ್ಲ."

ಯಂತ್ರ ಮುರಿದದ್ದು ನನಗೆ ಅಷ್ಟೇನೂ ಅನ್ನಿಸಲಿಲ್ಲ. ಆ 'ಅನ್ಸತ್ತೆ' ಮಾತ್ರ ಹಿಡಿಸಲಿಲ್ಲ. ಲ್ಯಾಬಿನಲ್ಲಿ ಅಷ್ಟು ವರ್ಷ ರಕ್ತದ ಸೀಸೆ ಹಿಡಿದು ಹೌದು, ಅಲ್ಲ ಎಂದು ಖಂಡಿತವಾಗಿ ಹೇಳುತ್ತಿದ್ದ ಮನುಷ್ಯ. ತನ್ನ ಕೈಯ ಮೇಲೇ ತನಗೆ ನಂಬಿಕೆ ಹೋದರೆ ನಾಳೆ ಕಾರಿನ ಕೀಲಿ, ನಾಡಿದ್ದು ಒಲೆ, ಆಮೇಲೆ ಮೆಟ್ಟಿಲು.

"ಯಂತ್ರ ಬಿಚ್ಚಿ ನೋಡೋಣ. ಮೀರಾ ಶನಿವಾರ ಬರ್ತಾಳಲ್ಲ," ಎಂದೆ.

"ಬಿಚ್ಚಿ? ಸಂಘದ್ದು ಕಣೇ ಅದು!"

ಸಂಘದ್ದಾದರೆ ಸಂಘವನ್ನೇ ಕೇಳಿದರಾಯಿತು. ಲೆನ್ನಾರ್ಟ್‌ಗೆ ಫೋನ್ ಮಾಡಿದೆ. "ಹೇಗೂ ಕೆಟ್ಟಿದೆ, ಬಿಚ್ಚಿ," ಎಂದ. "ಆದರೆ ಲೀಲಾವತಿ, ಸಭೆಯಲ್ಲಿ ನನಗೆ ಕಾರಣ ಬೇಕು. ಕತೆ ಬೇಡ."

ಕಾರಣವನ್ನೇ ಕೊಡುತ್ತೇನೆ ಎಂದೆ.

ನಾನು ಈ ಊರಿನ ಒಂದು ಕಾರ್ಖಾನೆಯಲ್ಲಿ ಗೇರ್ ಪೆಟ್ಟಿಗೆಗಳನ್ನು ಜೋಡಿಸುವ ಕೆಲಸದಲ್ಲಿದ್ದೆ. ಮೀರಾ ಶಾಲೆಗೆ ಹೋಗತೊಡಗಿದ ಮೇಲೆ ಸಂಜೆ ತರಗತಿ ಸೇರಿ ಮೊದಲು ಭಾಷೆ, ಆಮೇಲೆ ಗಣಿತ, ಆಮೇಲೆ ಯಂತ್ರಗಳ ನಕ್ಷೆ ಕಲಿತೆ. ಅಲ್ಲಿನ ಮೇಷ್ಟ್ರು ಒಂದು ಮಾತನ್ನು ಎಷ್ಟು ಸಲ ಹೇಳುತ್ತಿದ್ದರೆಂದರೆ ಈಗಲೂ ಅವರ ದನಿಯಲ್ಲೇ ಕೇಳುತ್ತದೆ: ಬಿಚ್ಚಿದ ಸಾಲಿನಲ್ಲೇ ಇಡು, ನೋಡುವ ಮೊದಲು ಒರೆಸಬೇಡ. ಮೀರಾ ನಮ್ಮ ಒಬ್ಬಳೇ ಮಗಳು. ನಾರ್‌ಶೋಪಿಂಗ್‌ನಲ್ಲಿ ದೊಡ್ಡ ಗೋದಾಮುಗಳ ಸಾಮಾನು ಸಾಗಿಸುವ ಬೆಲ್ಟುಗಳನ್ನು ವಿನ್ಯಾಸ ಮಾಡುವ ಎಂಜಿನಿಯರು. ಇದೇ ಊರಿನಲ್ಲಿ ಬೆಳೆದವಳು. ಅವಳ ಕನ್ನಡದಲ್ಲಿ ಇಂಗ್ಲಿಷೂ ಸ್ವೀಡಿಷೂ ಅನ್ನಕ್ಕೆ ಸಾರು ಕಲೆಸಿದ ಹಾಗೆ ಕಲೆಸಿರುತ್ತವೆ.

ಶನಿವಾರ ಬೆಳಿಗ್ಗೆ ರೈಲಿನಿಂದ ನೇರ ಬಂದವಳೇ ಗ್ಯಾರೇಜಿಗೆ ನಡೆದಳು. ಶುಕ್ರವಾರವೇ ಯಂತ್ರವನ್ನು ನಮ್ಮ ಗ್ಯಾರೇಜಿಗೆ ತಳ್ಳಿ ತಂದು, ಕೆಳಗೆ ಹಳೆಯ ಜಮಖಾನ ಹಾಸಿ, ಅದರ ಪಕ್ಕದಲ್ಲಿ ಬೋಲ್ಟು ನಟ್ಟು ಇಡಲು ಹಳೆಯ ಇಡ್ಲಿ ತಟ್ಟೆಗಳನ್ನು ಜೋಡಿಸಿದ್ದೆ. ಒಂದೊಂದು ಗುಳಿಗೆ ಒಂದೊಂದು ಜಾಗದ ಬೋಲ್ಟು. ಇದಕ್ಕಿಂತ ಅನುಕೂಲವಾದ ತಟ್ಟೆಯನ್ನು ನಾನು ಕಾರ್ಖಾನೆಯಲ್ಲೂ ಕಂಡಿಲ್ಲ.

"ಅಮ್ಮ! ಇಡ್ಲಿ ಪ್ಲೇಟಾ? ಇನ್ಮೇಲೆ ನಾನು ಈ ಮನೇಲಿ ಇಡ್ಲಿ ತಿನ್ನಲ್ಲ, ಸೀರಿಯಸ್ಲಿ."

"ಇದು ಹಳೇದು ಕಣೆ, ನಡುವಿನ ಕಂಬಿ ಮುರಿದಿದೆ. ನಿನ್ನ ಬಾಯಿಗೆ ಹೊಸದಿದೆ, ಹೆದರ್ಬೇಡ. ಬಾ, ಆ ಕವರ್ ತೆಗಿ."

"ಅಪ್ಪ ಎಲ್ಲಿ?"

"ಒಳಗೆ ಪೇಪರ್ ಹಿಡ್ಕೊಂಡು ಕೂತಿದಾರೆ. ಓದ್ತಿಲ್ಲ."

ಮೊದಲು ಬೆಲ್ಟುಗಳ ಮುಚ್ಚಳ ತೆಗೆದೆವು. ಎಂಜಿನ್ನಿನ ಕಪ್ಪಿಯಿಂದ ಎರಡು ಬೆಲ್ಟು. ಒಂದು ಚಕ್ರಗಳನ್ನು ನಡೆಸಲು, ಇನ್ನೊಂದು ಮುಂದಿನ ಬಾಯಿಯನ್ನು ತಿರುಗಿಸಲು. ಬಾಯಿಯ ಬೆಲ್ಟು ಸುಮ್ಮನಿದ್ದಾಗ ಸಡಿಲವಾಗಿರುತ್ತದೆ. ಬಲಗೈಯ ಹಿಡಿಕೆ ಒತ್ತಿದರೆ ಒಂದು ಚಿಕ್ಕ ಉರುಳೆ ಬಂದು ಅದನ್ನು ಬಿಗಿ ಮಾಡುತ್ತದೆ. ಕೈ ಬಿಟ್ಟರೆ ಬೆಲ್ಟು ಸಡಿಲವಾಗಿ, ಬದಿಯಿಂದ ಒಂದು ಬ್ರೇಕು ಬಂದು ಕಪ್ಪಿಯನ್ನು ಹಿಡಿದು ನಿಲ್ಲಿಸುತ್ತದೆ. ಮೀರಾ ಹಿಡಿಕೆಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದಳು. ಉರುಳೆ ಸಲೀಸಾಗಿ ಬಂದು ಹೋಗುತ್ತಿತ್ತು. ಬೆಲ್ಟಿನಲ್ಲಿ ಬಿರುಕಿಲ್ಲ, ಸುಟ್ಟ ವಾಸನೆಯೂ ಇಲ್ಲ.

"ಇಷ್ಟು ಸಿಂಪಲ್ಲಾಗಿ ಮಾಡಿದಾರಲ್ಲ. ಒಂದು ಸ್ಪ್ರಿಂಗು, ಒಂದು ವೈರು. ನಾವಾಗಿದ್ರೆ ಸೆನ್ಸರ್ ಹಾಕ್ತಿದ್ವಿ," ಎಂದಳು.

"ಸೆನ್ಸರ್‌ಗೆ ಹಿಮ ಹೊಕ್ಕರೆ?"

"ಅದಕ್ಕೆ ಇನ್ನೊಂದು ಸೆನ್ಸರ್," ಎಂದು ನಕ್ಕಳು.

ಯಂತ್ರದ ಹೊಟ್ಟೆಯ ತಗಡು ತೆಗೆದೆವು. ಅಲ್ಲಿ ವೇಗ ಬದಲಿಸುವ ಭಾಗವಿದೆ. ಹೆಸರಿಗೆ ಗೇರು, ನಿಜವಾಗಿ ಗೇರೇ ಅಲ್ಲ. ರೊಟ್ಟಿ ಹಂಚಿನಂಥ ಒಂದು ಅಲ್ಯೂಮಿನಿಯಂ ತಟ್ಟೆ ಸದಾ ತಿರುಗುತ್ತಿರುತ್ತದೆ. ಅಂಚಿಗೆ ರಬ್ಬರಿದ್ದ ಚಿಕ್ಕ ಚಕ್ರವೊಂದು ಅದಕ್ಕೆ ಒತ್ತಿ ನಿಂತು ತಾನೂ ತಿರುಗುತ್ತದೆ. ತಟ್ಟೆಯ ನಡುವಿನ ಹತ್ತಿರ ನಿಂತರೆ ನಿಧಾನ, ಅಂಚಿಗೆ ಸರಿದರೆ ಜೋರು, ನಡುವನ್ನು ದಾಟಿ ಆ ಬದಿಗೆ ಹೋದರೆ ಯಂತ್ರ ಹಿಂದಕ್ಕೆ ನಡೆಯುತ್ತದೆ. ಇದನ್ನು ಯೋಚಿಸಿದವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಸನ್ನೆಗೋಲಿನಷ್ಟೇ ಸರಳ.

ಮೀರಾ ಟಾರ್ಚು ಹಿಡಿದು ಬಗ್ಗಿದಳು. "ಅಮ್ಮ, ಇಲ್ನೋಡು. ನಡು ಹತ್ರ ಮಾತ್ರ ರಬ್ಬರ್ ಕಪ್ಪು ಹಿಡಿದಿದೆ. ಅಂಚು ಹೊಸ ಪಾತ್ರೆ ಥರ ಹೊಳೀತಿದೆ."

"ಅಂದ್ರೆ?"

"ಅಂದ್ರೆ ಅಪ್ಪ ಒಂದ್ಸಲಾನೂ ಜೋರಾಗಿ ಓಡಿಸಿಲ್ಲ. ಕಾರೂ ಹಿಂಗೇ ಅಲ್ವಾ ಓಡ್ಸೋದು? ಹಿಂದೆ ಇರೋರೆಲ್ಲ ಲೈಟ್ ಹಾಕಿ ಹಾಕಿ ಸುಸ್ತಾಗ್ತಾರೆ."

ಜೋರಾಗಿ ನುಗ್ಗಿಸಿದ ಎಂಬ ಲೆನ್ನಾರ್ಟನ ಮಾತು ಅಲ್ಲಿಗೆ ಬಿತ್ತು. ಆದರೆ ಹಿಡಿಕೆಯ ಮಾತು ಹಾಗೇ ಉಳಿದಿತ್ತು. ಹಿಡಿಕೆ ಸರಿಯಾಗಿದೆ ಎಂದರೆ, ಸರಿಯಾದ ಹಿಡಿಕೆಯನ್ನು ಇವರು ಹೊತ್ತಿಗೆ ಸರಿಯಾಗಿ ಬಿಡಲಿಲ್ಲ ಎಂದೇ ಲೆನ್ನಾರ್ಟ್ ಹೇಳುತ್ತಾನೆ.

ಮುಂದಿನ ಬಾಯಿಯನ್ನು ಎಂಜಿನ್ ಭಾಗದಿಂದ ಬೇರೆ ಮಾಡಿ ಜಮಖಾನದ ಮೇಲೆ ಮಲಗಿಸಿದೆವು. ಬಾಯಿಯ ಅಗಲಕ್ಕೂ ಅಡ್ಡವಾಗಿ ಒಂದು ಉಕ್ಕಿನ ಶಾಫ್ಟು. ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು ಕೊಳವೆ, ಕೊಳವೆಗಳ ಸುತ್ತ ಸುರುಳಿ ಅಲಗುಗಳು. ಅಲಗುಗಳು ಹಿಮವನ್ನು ಕಡಿದು ನಡುವಿಗೆ ತಳ್ಳುತ್ತವೆ, ಹಿಂದಿರುವ ಫ್ಯಾನು ಅದನ್ನು ಎತ್ತಿ ಸೊಂಡಿಲಿನಿಂದ ದೂರ ಎಸೆಯುತ್ತದೆ. ಶಾಫ್ಟಿನ ನಟ್ಟನಡುವೆ ತೆಂಗಿನಕಾಯಿಯಷ್ಟು ದೊಡ್ಡ ಗೇರ್ ಪೆಟ್ಟಿಗೆ. ಅದನ್ನು ತೆರೆಯಬೇಕಾದರೆ ಎರಡೂ ಕೊಳವೆಗಳನ್ನು ಶಾಫ್ಟಿನಿಂದ ಎಳೆಯಬೇಕು, ಎಳೆಯಬೇಕಾದರೆ ಕೊಳವೆಯನ್ನು ಶಾಫ್ಟಿಗೆ ಸೇರಿಸಿರುವ ಬೋಲ್ಟು ತೆಗೆಯಬೇಕು. ಒಂದೊಂದು ಬದಿಗೆ ಒಂದೊಂದು ಬೋಲ್ಟು, ಅಷ್ಟೇ.

ಎಡದ್ದನ್ನು ಮೀರಾ ತೆಗೆದಳು. ತುಕ್ಕು ಹಿಡಿದು ಕೂತಿತ್ತು, ಸ್ಪ್ಯಾನರಿಗೆ ಸ್ವೀಡಿಷಿನಲ್ಲಿ ಎರಡು ಮಾತು ಬೈದ ಮೇಲೆ ಬಂತು. ಬಲದ್ದನ್ನು ನಾನು ತೆಗೆದೆ. ಅದಕ್ಕೆ ಸ್ಪ್ಯಾನರ್ ಹಿಡಿಯಲಿಲ್ಲ, ತಲೆಯ ನಡುವಿನ ಗುಳಿಗೆ ಆರು ಮೂಲೆಯ ಕೀ ಹಾಕಬೇಕಿತ್ತು. ಗುಳಿಯಲ್ಲಿ ಗ್ರೀಸ್ ತುಂಬಿತ್ತು. ಅದರ ಮೇಲೇ ಕೀ ಒತ್ತಿ ತಿರುಗಿಸಿದೆ, ಸರಾಗವಾಗಿ ಬಂತು.

"ಅಮ್ಮ, ಇವೆಲ್ಲ ಒರೆಸಿ ಇಡ್ಲಾ? ಗಲೀಜು."

"ಮುಟ್ಬೇಡ. ಹಾಗೇ ಇಡು."

ಎರಡು ಬೋಲ್ಟುಗಳನ್ನೂ ಅಕ್ಕಪಕ್ಕದ ಗುಳಿಯಲ್ಲಿ ಇಟ್ಟೆ. ಒಂದು ಒಂಥರಾ, ಇನ್ನೊಂದು ಇನ್ನೊಂಥರಾ ಎಂದು ಕಣ್ಣಿಗೆ ಬಿದ್ದಿತ್ತು. ಆದರೂ ಮೊದಲು ಗೇರು ಏನು ಹೇಳುತ್ತದೋ ಕೇಳೋಣ ಎಂದುಕೊಂಡೆ.

ಪೆಟ್ಟಿಗೆ ತೆರೆದಾಗ ಎಣ್ಣೆ ಇತ್ತು, ಬೇಕಾದಷ್ಟು ಇತ್ತು. ಆದರೆ ಅದರೊಳಗೆ ಚಿನ್ನದ ಪುಡಿ ಕದಡಿದ ಹಾಗೆ ಮಿಂಚು. ಒಳಗೆ ಎರಡೇ ಭಾಗ. ಉಕ್ಕಿನ ಒಂದು ತಿರುಪು, ಅದಕ್ಕೆ ಕಚ್ಚಿಕೊಂಡು ತಿರುಗುವ ಕಂಚಿನ ಒಂದು ಹಲ್ಲಿನ ಚಕ್ರ. ಉಕ್ಕಿನದಕ್ಕೆ ಏನೂ ಆಗಿರಲಿಲ್ಲ. ಕಂಚಿನ ಚಕ್ರದಲ್ಲಿ ಒಂದು ಕಡೆಯ ಹಲ್ಲುಗಳು ಬುಡಸಮೇತ ಹೋಗಿದ್ದವು. ಉಳಿದ ಹಲ್ಲುಗಳು ಮೂಲೆ ಕೂಡ ಸವೆಯದೆ ನೆಟ್ಟಗಿದ್ದವು.

ಮೀರಾ ಚಕ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಅವಳ ದನಿ ಆಫೀಸಿನ ದನಿಯಾಯಿತು. "ಸವೆದು ಹೋಗಿದ್ರೆ ಸುತ್ತಲೂ ಸವೀಬೇಕಿತ್ತು. ಎಣ್ಣೆ ಇಲ್ದೆ ಓಡಿದ್ರೆ ನೀಲಿ ಬಣ್ಣ ಬರ್ತಿತ್ತು. ಇದು ಒಂದೇ ಏಟು. ಶಾಫ್ಟ್ ಗಪ್ಪಂತ ನಿಂತಿದೆ, ಎಂಜಿನ್ ನಿಲ್ಲಲಿಲ್ಲ, ನಡುವೆ ಮೆತ್ತಗಿರೋದು ಕಂಚು, ಅದು ಹೋಗಿದೆ. ಆದ್ರೆ ಅಮ್ಮ, ಏಟು ಇಲ್ಲೀವರೆಗೂ ಬರಲೇಬಾರ್ದಿತ್ತು."

"ಹೌದು," ಎಂದು ಇಡ್ಲಿ ತಟ್ಟೆಯನ್ನು ಅವಳ ಕಡೆ ತಳ್ಳಿದೆ.

ಆ ಎರಡು ಬೋಲ್ಟುಗಳ ಕೆಲಸವನ್ನು ಇಲ್ಲಿ ಹೇಳಬೇಕು. ಹಿಮದ ಕೆಳಗೆ ಏನಿದೆಯೆಂದು ಯಾರಿಗೂ ಕಾಣುವುದಿಲ್ಲ. ಕಲ್ಲಿರುತ್ತದೆ, ಮಕ್ಕಳ ಆಟಿಕೆ ಇರುತ್ತದೆ, ಒದ್ದೆಯಾಗಿ ಹೆಪ್ಪುಗಟ್ಟಿದ ಪೇಪರ್ ಕಟ್ಟಿರುತ್ತದೆ. ಅಲಗಿಗೆ ಅಂಥದ್ದು ಸಿಕ್ಕಿ ಕೊಳವೆ ನಿಂತಾಗ ಈ ಬೋಲ್ಟು ಕತ್ತರಿಸಿ ಹೋಗಬೇಕು. ಹೋದರೆ ಶಾಫ್ಟು ಕೊಳವೆಯ ಒಳಗೆ ಬರಿದೇ ತಿರುಗುತ್ತದೆ, ಗೇರು ಉಳಿಯುತ್ತದೆ. ಹಾಗೆ ಕತ್ತರಿಸಿ ಹೋಗಲೆಂದೇ ಅದನ್ನು ಮೆತ್ತನೆಯ ಲೋಹದಲ್ಲಿ ಮಾಡಿ, ಕತ್ತಿನ ಸುತ್ತ ಒಂದು ಗೀರು ಕೊರೆದಿರುತ್ತಾರೆ. ಇಡೀ ಯಂತ್ರದಲ್ಲಿ ಬೇಕೆಂದೇ ಬಲಹೀನವಾಗಿ ಮಾಡಿದ ಭಾಗ ಅದೊಂದೇ.

ಎಡದ ಬೋಲ್ಟಿಗೆ ತುಕ್ಕಿನ ಅಡಿಯಲ್ಲಿ ಆ ಗೀರು ಕಾಣುತ್ತಿತ್ತು. ಬಲದ್ದಕ್ಕೆ ಗೀರೇ ಇಲ್ಲ. ಮೀರಾ ಭೂತಗನ್ನಡಿ ಹಿಡಿದಳು.

"ಎ2-70 ಅಂತ ಇದೆ. ಸ್ಟೇನ್‌ಲೆಸ್ ಸ್ಟೀಲು. ಇದು ಹೆಂಗಮ್ಮ ಮುರಿಯತ್ತೆ? ಪ್ರಾಣ ಹೋದ್ರೂ ಮುರಿಯಲ್ಲ. ಯಾರು ಹಾಕಿದ್ದು ಇದನ್ನ? ಅಂಗಡಿಯವನಾ? ಸರ್ವಿಸ್ ಮಾಡ್ದೋನಾ? ಇದನ್ನ ಇಟ್ಕೊಂಡು ನಾಳೆ ಲೆನ್ನಾರ್ಟ್ ಮುಖಕ್ಕೆ..."

ನಾನು ಬೋಲ್ಟನ್ನು ತೆಗೆದುಕೊಂಡು ಕಿಟಕಿಯ ಬಳಿ ಹೋದೆ. ತಲೆಯ ಗುಳಿಯ ಗ್ರೀಸಿನಲ್ಲಿ ಕೀ ಒತ್ತಿದ ಗುರುತಿತ್ತು. ಅದರ ತಳದಲ್ಲಿ, ಮೂಲೆ ಮೂಲೆಯಲ್ಲಿ, ಕೆಂಪು. ಕಡ್ಡಿಯಿಂದ ಸ್ವಲ್ಪ ಕೆದಕಿ ಬಿಳಿ ಕಾಗದದ ಮೇಲೆ ಉಜ್ಜಿದೆ. ತುಕ್ಕು ಹೀಗೆ ಬಣ್ಣ ಬಿಡುವುದಿಲ್ಲ.

"ಮೀರಾ, ಇದು ಕುಂಕುಮ."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅಕ್ಟೋಬರಿನ ಆಯುಧಪೂಜೆಗೆ ಅವಳೂ ಬಂದಿದ್ದಳು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ, ಮಿಕ್ಸಿ, ನನ್ನ ಸ್ಪ್ಯಾನರುಗಳು, ಕಾರು ಎಲ್ಲಕ್ಕೂ ಪೂಜೆಯಾಗುತ್ತದೆ. ಕೀಲಿ ಕೈಗೆ ಬಂದ ಮೇಲೆ ಸ್ನೋ ಬ್ಲೋವರಿಗೂ. ಹಿಂದಿನ ದಿನವೇ ಯಜಮಾನರು ಒಬ್ಬರೇ ಶೆಡ್ಡಿನಲ್ಲಿ ಕೂತು ಅದನ್ನು ನೆಲ ಕಾಣದ ಹಾಗೆ ಬಿಚ್ಚಿ ಹರವಿ, ಉಜ್ಜಿ, ಗ್ರೀಸ್ ಹಚ್ಚಿ ಇಟ್ಟಿದ್ದರು. ಮರುದಿನ ಅರಿಸಿನ ಕುಂಕುಮ ಹಚ್ಚಿ, ಹೂವಿನ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಒಂದು ಸುತ್ತು ಮುಂದಕ್ಕೆ ಓಡಿಸಿದ್ದೂ ಆಯಿತು. ಲೆನ್ನಾರ್ಟ್ ಫೋಟೋ ತೆಗೆದುಕೊಂಡಿದ್ದ. ಗುನ್‌ಬ್ರಿತ್ ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡಿದ್ದಳು.

ಕುಂಕುಮ ಈ ಬೋಲ್ಟಿನ ತಲೆಯಲ್ಲಿದೆ ಎಂದರೆ, ಪೂಜೆಯ ಹೊತ್ತಿಗೆ ಬೋಲ್ಟು ಅಲ್ಲಿತ್ತು. ಅದಕ್ಕೆ ಮೊದಲು ಯಂತ್ರ ಬಿಚ್ಚಿದವರು ಒಬ್ಬರೇ.

ಮೀರಾ ಗ್ಯಾರೇಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

"ಅಮ್ಮ, ಹೇಳೋದು ಬೇಡ. 'ಫೆಲ್ ಬುಲ್ಟ್', ತಪ್ಪು ಬೋಲ್ಟು ಅಂದ್ರೆ ಸಾಕು. ಯಾರು ಹಾಕಿದ್ದು ಅಂತ ನಾವ್ಯಾಕೆ ಹೇಳ್ಬೇಕು?"

"ಅದನ್ನ ಮುಟ್ಟೋರು ಅವರೊಬ್ಬರೇ ಅಂತ ಇಡೀ ಸಂಘಕ್ಕೆ ಗೊತ್ತು."

"ಹಂಗಾದ್ರೆ ಬೋಲ್ಟ್ ವಿಷಯಾನೇ ಬೇಡ. ಯಂತ್ರ ಹಳೇದು, ಮುರೀತು ಅನ್ನೋಣ."

"ಹಾಗಂದ್ರೆ ಲೆನ್ನಾರ್ಟ್ ಹೇಳಿದ್ದೇ ನಿಲ್ಲತ್ತೆ. ಕೈ ನಿಧಾನ ಆಯ್ತು, ವಯಸ್ಸಾಯ್ತು. ಕೀಲಿ ಹೋಗತ್ತೆ."

"ಹೇಳಿದ್ರೂ ಹೋಗತ್ತೆ! ಮೆಷೀನ್ ಹಾಳು ಮಾಡಿದ್ದೇ ಅಪ್ಪ ಅಂತ ಆದ್ಮೇಲೆ ಯಾರು ಕೀ ಕೊಡ್ತಾರೆ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಯಜಮಾನರು ತಟ್ಟೆಯಲ್ಲಿ ಕಾಫಿ, ಚಕ್ಕುಲಿ ಹಿಡಿದು ಬಂದರು. ಕೆಳಗೆ ಹರವಿದ್ದನ್ನೆಲ್ಲ ಒಂದು ಸುತ್ತು ನೋಡಿದರು. ನನ್ನ ಕೈಯಲ್ಲಿದ್ದುದನ್ನೂ ನೋಡಿದರು.

"ಅದು ಹಿತ್ತಿಲ ಬೆಂಚಿಂದು ಕಣೇ. ಬೆಂಚು ಜೋಡಿಸಿದಾಗ ಒಂದು ಮಿಕ್ಕಿತ್ತು."

"ಇಲ್ಲಿಗೆ ಯಾಕೆ ಹಾಕಿದ್ರಿ?"

"ಹಳೇದು ತುಕ್ಕು ಹಿಡಿದಿತ್ತು. ತುಕ್ಕು ಬೋಲ್ಟಿಗೆ ಕುಂಕುಮ ಹಚ್ಚೋಕಾಗತ್ತಾ? ಎರಡಿದ್ದಿದ್ರೆ ಆ ಕಡೇದೂ ಬದಲಾಯಿಸ್ತಿದ್ದೆ." ನಮ್ಮಿಬ್ಬರ ಮುಖ ನೋಡಿ ಕಾಫಿಯ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಯಾಕೆ? ಒಳ್ಳೇ ಬೋಲ್ಟು ಅದು."

"ಒಳ್ಳೇದೇ ಅಪ್ಪ, ಅದೇ ಪ್ರಾಬ್ಲಮ್ಮು," ಎಂದಳು ಮೀರಾ.

ನಾನು ಅವರನ್ನು ಕೂರಿಸಿ ತೋರಿಸಿದೆ. ಎಡದ ಬೋಲ್ಟಿನ ಗೀರು, ಬಲದ್ದರ ಹೊಳಪು, ಕಂಚಿನ ಚಕ್ರ, ಎಣ್ಣೆಯೊಳಗಿನ ಪುಡಿ. ಬಲದ ಅಲಗಿಗೆ ಬಿದ್ದ ಏಟು ಎಲ್ಲಿ ನಿಲ್ಲಬೇಕಿತ್ತು, ನಿಲ್ಲದೆ ಎಲ್ಲಿಗೆ ಹೋಯಿತು. ಅವರು ಚಕ್ರವನ್ನು ಕೈಗೆ ತೆಗೆದುಕೊಂಡು ಹಲ್ಲು ಹೋದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಬೈಸಿಕೊಳ್ಳಲು ಸಿದ್ಧವಾದ ಮುಖ ಎಂದುಕೊಂಡೆ. ಆದರೆ ಅವರು ಕೇಳಿದ್ದು ಬೇರೆಯೇ.

"ಹಾಗಾದ್ರೆ ಇದು ಮುರಿದಿದ್ದು ನಾನು ಹಿಡಿಕೆ ಲೇಟಾಗಿ ಬಿಟ್ಟಿದ್ದಕ್ಕೆ ಅಲ್ಲ?"

"ಯಾರು ಬಿಟ್ಟಿದ್ರೂ ಲೇಟೇ ಅಪ್ಪ," ಎಂದಳು ಮೀರಾ. "ಒಲಿಂಪಿಕ್ಸಿಗೆ ಹೋಗೋ ಹುಡುಗ ಆದ್ರೂ ಲೇಟೇ. ಠಣ್ ಅಂತ ನಿನ್ನ ಕಿವಿಗೆ ಬೀಳೋಷ್ಟ್ರಲ್ಲಿ ಹಲ್ಲು ಹೋಗಾಗಿತ್ತು. ಮನುಷ್ಯನ ಕೈ ಅಷ್ಟು ಬೇಗ ಇಲ್ಲ ಅಂತಾನೇ ಆ ಬೋಲ್ಟ್ ಇಟ್ಟಿರೋದು."

"ನಿಜವಾಗಿ ಹೇಳ್ತಿದೀಯೋ, ನನ್ನ ಸಮಾಧಾನಕ್ಕೋ?"

"ಸಮಾಧಾನಕ್ಕಾಗಿದ್ರೆ ಬೋಲ್ಟ್ ವಿಷಯ ಹೇಳ್ತಿದ್ವಾ?"

ಯಜಮಾನರ ಬೆನ್ನು ನೆಟ್ಟಗಾಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು ಗಟ್ಟಿಯಾಗಿ ಅಗಿದರು. ಬುಧವಾರದಿಂದ ಆ ಸದ್ದು ನಮ್ಮ ಮನೆಯಲ್ಲಿ ಕೇಳಿರಲಿಲ್ಲ.

"ನಾಳೆ ನಾನೇ ಹೇಳ್ತೀನಿ. ಮುದುಕ ಅನ್ನಿಸ್ಕೊಳ್ಳೋದಕ್ಕಿಂತ ದಡ್ಡ ಅನ್ನಿಸ್ಕೊಳ್ಳೋದು ಎಷ್ಟೋ ವಾಸಿ."

"ಎರಡೂ ಅಂದ್ರೆ?" ಎಂದಳು ಮಗಳು.

"ನೀನು ಅಮ್ಮನ ಕಡೆ ಕಣೇ, ಯಾವಾಗ್ಲೂ."

ಭಾನುವಾರ ಮಧ್ಯಾಹ್ನ ಸಂಘದ ಕೋಣೆಯಲ್ಲಿ ಎಲ್ಲರೂ ಸೇರಿದರು. ಉದ್ದ ಮೇಜಿನ ಮೇಲೆ ಫ್ಲಾಸ್ಕಿನಲ್ಲಿ ಕಾಫಿ, ಕೇಸರಿ ಹಾಕಿದ ಹಳದಿ ಬನ್ನುಗಳು, ಸಮಿತಿಯವರ ಕಾಗದ. ಯಜಮಾನರು ಕೀಲಿಯನ್ನು ಕೋಟಿನ ಜೇಬಿನಿಂದ ತೆಗೆದು ತಮ್ಮ ಮುಂದೆ ಇಟ್ಟುಕೊಂಡರು. ಅದರ ಪಕ್ಕದಲ್ಲಿ ನಾನು ಇಡ್ಲಿ ತಟ್ಟೆ ಇಟ್ಟೆ.

"ಇದು ಯಂತ್ರದ ಭಾಗವೇ?" ಎಂದು ಲೆನ್ನಾರ್ಟ್ ತಟ್ಟೆಯನ್ನೇ ನೋಡಿ ಕೇಳಿದ.

"ಅಲ್ಲ, ಅದು ನನ್ನ ಅಡುಗೆಮನೆಯದು. ಮೇಲಿರುವುದು ಯಂತ್ರದ್ದು."

ಯಜಮಾನರು ಎದ್ದು ನಿಂತರು. ಅವರ ಸ್ವೀಡಿಷು ನನ್ನದಕ್ಕಿಂತ ಮೆತ್ತಗೆ, ಲ್ಯಾಬಿನಲ್ಲಿ ಫಲಿತಾಂಶ ಹೇಳುವವರ ಭಾಷೆ. ಒಂದೊಂದು ಭಾಗವನ್ನೂ ಎತ್ತಿ ತೋರಿಸಿ, ಅದರ ಕೆಲಸ ಹೇಳಿ, ಬಲಗಡೆಯವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಸುತ್ತಿತು. ಕೊನೆಯಲ್ಲಿ ಹೊಳೆಯುವ ಬೋಲ್ಟು ಎತ್ತಿದರು.

"ಇದನ್ನು ಹಾಕಿದವನು ನಾನು. ನಮ್ಮ ಪೂಜೆಯ ದಿನ ಯಂತ್ರ ಚೆನ್ನಾಗಿ ಕಾಣಲಿ ಎಂದು ಹಾಕಿದೆ. ಅದು ತಪ್ಪು. ಯಂತ್ರ ಮುರಿದದ್ದು ಇದರಿಂದ. ನಾನು ಜೋರಾಗಿ ಓಡಿಸಲಿಲ್ಲ, ನನ್ನ ಕೈ ನಿಧಾನವೂ ಆಗಲಿಲ್ಲ."

ಲೆನ್ನಾರ್ಟ್ ಕಂಚಿನ ಚಕ್ರವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದ. ರೈಲು ಓಡಿಸಿದವನು, ಒಂದೇ ಏಟಿಗೂ ಸವೆತಕ್ಕೂ ಇರುವ ವ್ಯತ್ಯಾಸ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ತಟ್ಟೆಯಲ್ಲಿ ಅದೇ ಗುಳಿಗೇ ಇಟ್ಟ.

"ಅಂದರೆ ಹಾಳು ಮಾಡಿದವನು ನೀನೇ," ಎಂದ.

"ನಾನೇ."

"ಹಾಗಿದ್ದ ಮೇಲೆ ಕೀಲಿ..."

"ಒಂದು ನಿಮಿಷ," ಎಂದಳು ಗುನ್‌ಬ್ರಿತ್. ಬನ್ನಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತಿನ್ನುತ್ತಿದ್ದಳು. "ಮುರಿಯುವ ಬೋಲ್ಟು ಮುರಿದ ಮೇಲೆ ಇನ್ನೊಂದು ಬೇಕಲ್ಲ? ಅದು ಎಲ್ಲಿ ಸಿಗುತ್ತದೆ?"

"ಹೊಸ ಯಂತ್ರದ ಜೊತೆಗೇ ಕೊಟ್ಟಿರುತ್ತಾರೆ," ಎಂದಳು ಮೀರಾ. "ಚಿಕ್ಕ ಪ್ಲಾಸ್ಟಿಕ್ ಚೀಲ, ಹಿಡಿಕೆಗೆ ಕಟ್ಟಿರುತ್ತದೆ. ಇದಕ್ಕೂ ಇದ್ದಿರಬೇಕು."

"ನಾನು ಯಾವತ್ತೂ ಕಂಡಿಲ್ಲ," ಎಂದರು ಯಜಮಾನರು.

ಲೆನ್ನಾರ್ಟನ ಕಿವಿಗಳು ಕೆಂಪಾದವು. ಎದ್ದ, ಕೋಟು ಕೂಡ ಹಾಕಿಕೊಳ್ಳದೆ ಹಿಮದಲ್ಲಿ ತನ್ನ ಮನೆಗೆ ನಡೆದ. ಬಾಗಿಲು ತೆರೆದೇ ಇತ್ತು, ನಾವೆಲ್ಲ ಚಳಿಯಲ್ಲಿ ಕಾದೆವು. ಹಿಂತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಚೀಲವಿತ್ತು. ಬಾಯಿ ಕೂಡ ಹರಿದಿರಲಿಲ್ಲ. ಒಳಗೆ ಕತ್ತಿಗೆ ಗೀರಿದ್ದ ಹೊಸ ಬೋಲ್ಟುಗಳು.

"ಯಂತ್ರ ಕೊಂಡ ದಿನವೇ ತೆಗೆದು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟೆ," ಎಂದ. "ಕಳೆದುಹೋಗಬಾರದೆಂದು."

"ಕಳೆದಿಲ್ಲವಲ್ಲ," ಎಂದಳು ಗುನ್‌ಬ್ರಿತ್.

ಮೊದಲು ನಕ್ಕವರು ನಮ್ಮ ಯಜಮಾನರೇ. ಆಮೇಲೆ ಮೇಜಿನ ಸುತ್ತ ಎಲ್ಲರೂ. ಲೆನ್ನಾರ್ಟ್ ನಗಲಿಲ್ಲ, ಆದರೆ ಕೂತ ಮೇಲೆ ಕಾಫಿ ಬಗ್ಗಿಸಿಕೊಂಡ. ಮೊದಲ ಲೋಟವನ್ನು ಯಜಮಾನರ ಮುಂದಿಟ್ಟು ಎರಡನೆಯದನ್ನು ತಾನು ತೆಗೆದುಕೊಂಡ. ಸಮಿತಿಯ ಇನ್ನೊಬ್ಬ ಸದಸ್ಯ ಹೊರಗಿನ ಕಂಪನಿಯೇ ಒಳ್ಳೆಯದು ಎಂದು ಕೊನೆಯವರೆಗೂ ಹಟ ಹಿಡಿದ, ಅವನಿಗೂ ಒಂದಿಬ್ಬರು ತಲೆಯಾಡಿಸಿದರು. ಕಡೆಗೆ ಈ ಚಳಿಗಾಲಕ್ಕೆ ಕೀಲಿ ಹಯವದನನ ಬಳಿಯೇ ಇರಲಿ, ಮುಂದಿನದನ್ನು ಮುಂದೆ ನೋಡೋಣ ಎಂದಾಯಿತು. ಬೋಲ್ಟಿನ ಚೀಲ ಹಿಡಿಕೆಗೇ ಕಟ್ಟಿರಬೇಕು, ಬೆಂಚಿನ ಬೋಲ್ಟು ಬೆಂಚಿಗೆ.

ಹೊಸ ಕಂಚಿನ ಚಕ್ರ ಬರುವವರೆಗೆ ಸಾಲಿನವರೆಲ್ಲ ಸಲಿಕೆ ಹಿಡಿದರು, ಲೆನ್ನಾರ್ಟೂ ಹಿಡಿದ. ಚಕ್ರ ಬಂದ ಮೇಲೆ ನಾವು ಮೂವರೂ ಒಂದು ಶನಿವಾರ ಕೂತು, ಇಡ್ಲಿ ತಟ್ಟೆಯ ಗುಳಿಗಳನ್ನು ಹಿಂದುಮುಂದಾಗಿ ಖಾಲಿ ಮಾಡುತ್ತ ಯಂತ್ರ ಜೋಡಿಸಿದೆವು. ಎರಡೂ ಬದಿಯ ಬೋಲ್ಟನ್ನು ಯಜಮಾನರೇ ಹಾಕಿದರು. ತೀರಾ ಬಿಗಿ ಮಾಡಬೇಡಿ ಎಂದು ಹೇಳಲು ಬಾಯಿ ತೆರೆದೆ, ಹೇಳಬೇಕಾಗಲಿಲ್ಲ.

ಜನವರಿಯ ಮೊದಲ ದೊಡ್ಡ ಹಿಮಕ್ಕೆ ಅವರು ಟೊಪ್ಪಿಗೆ ಎಳೆದುಕೊಂಡು ಹೊರಟರು. ನಾನು ಅಡುಗೆಮನೆಯ ಕಿಟಕಿಯ ಬಳಿ ದೋಸೆ ಹುಯ್ಯುತ್ತ ಯಂತ್ರದ ಸೊಂಡಿಲಿನಿಂದ ಹಾರುವ ಬಿಳಿ ಕಮಾನನ್ನು ನೋಡುತ್ತಿದ್ದೆ. ಗುನ್‌ಬ್ರಿತ್ ಮನೆಯಾಯಿತು, ಅದರ ಈಚಿನದಾಯಿತು. ಲೆನ್ನಾರ್ಟನ ಬಾಗಿಲ ಹತ್ತಿರ ಬಂದಾಗ ಒಂದು ಸದ್ದು, ಕಮಾನು ಅರ್ಧಕ್ಕೆ ಕುಗ್ಗಿತು, ಎಂಜಿನ್ ನಿಂತಿತು. ನಾನು ಒಲೆ ಆರಿಸಿದೆ.

ಬೂಟು ಕೂಡ ಬಿಚ್ಚದೆ ನಡುಮನೆಗೆ ಬಂದರು. ಮೀಸೆಯ ಮೇಲೆಲ್ಲ ಹಿಮ. ಅಂಗೈ ಬಿಡಿಸಿದರು. ಎರಡು ತುಂಡಾದ ಬೋಲ್ಟು, ಗೀರಿನ ಜಾಗಕ್ಕೇ ಸರಿಯಾಗಿ ತುಂಡಾಗಿತ್ತು.

"ಲೀಲಾ, ಮುರೀತು! ಲೆನ್ನಾರ್ಟ್ ಕಾಲೊರಸು ಹಿಮದಡಿ ಹೂತ್ಹೋಗಿತ್ತು, ಅದನ್ನ ಪೂರ್ತಿ ನುಂಗಿಬಿಟ್ಟಿದೆ. ಗೇರಿಗೆ ಏನೂ ಆಗಿಲ್ಲ, ಕೈಯಲ್ಲಿ ತಿರುಗಿಸಿ ನೋಡ್ದೆ."

"ಹಿಡಿಕೆ ಬಿಟ್ರಾ?"

"ಬಿಟ್ಟೆ."

ತುಂಡುಗಳನ್ನು ನನ್ನ ಕೈಗೆ ಹಾಕಿ, ಹೊಸ ಬೋಲ್ಟು ಹಾಕಲು ಹೊರಗೆ ಓಡಿದರು. ದೋಸೆ ಆಮೇಲೆ ತಿಂತೀನಿ ಎಂದು ಬಾಗಿಲಿನಿಂದಲೇ ಕೂಗಿದರು.